ಸಿಡಿದ ನಕ್ಷತ್ರದ ಅವಶೇಷ

ವೃಷಭ ರಾಶಿಯಲ್ಲಿ ರೋಹಿಣಿಯ ಪೂರ್ವಕ್ಕೆ, ಗೂಳಿಯ ಕೊಂಬಿನ ತುದಿಯೆಂದು ಎಣಿಸಲ್ಪಡುವ ತಾರೆಯೊಂದಿದೆ. ಅದರ ಸಮೀಪದಲ್ಲಿ ಒಂದು ಮಸುಕಾದ ಮಬ್ಬು ಇದೆ. ಬರಿಗಣ್ಣಿಗೆ ಅದು ಕಾಣದು. ಸಣ್ಣ ದೂರದರ್ಶಕದಲ್ಲಿ ಕಂಡರೂ ಕನ್ನಡಿಯ ಮೇಲೆ ಬಿಟ್ಟ ಉಸಿರಿನ ಗುರುತಿಗಿಂತ ಹೆಚ್ಚಿನ ಶೋಭೆಯೇನೂ ಅದಕ್ಕಿಲ್ಲ. ಇಷ್ಟನ್ನು ನೋಡುವುದಕ್ಕಾಗಿ, ಇದರ ಛಾಯಾಚಿತ್ರ ತೆಗೆಯುವುದಕ್ಕಾಗಿ ನಿದ್ದೆಗೆಟ್ಟು ಊರಾಚೆ ಹೋಗಬೇಕೆ ಎಂದು ಕೇಳುವ ಮಹನೀಯರು ನಮ್ಮಲ್ಲಿ ಕಡಿಮೆಯಿಲ್ಲ. ಹೋಗಬೇಕೆಂಬುದೇ ನಮ್ಮ ಅಭಿಪ್ರಾಯ.

1054ನೆಯ ಇಸವಿ ಜುಲೈ 4ರಂದು ಚೀನಾ ದೇಶದ ಸುಂಗ್ ಅರಸರ ಆಸ್ಥಾನದಲ್ಲಿ ಆಕಾಶವನ್ನು ಕಾಯುತ್ತಿದ್ದ ಅಧಿಕಾರಿಗಳು ಈ ಸ್ಥಳದಲ್ಲಿ ಹೊಸತೊಂದು ನಕ್ಷತ್ರವನ್ನು ಕಂಡು, ಅದನ್ನು ಅತಿಥಿ ನಕ್ಷತ್ರವೆಂದು ಬರೆದಿಟ್ಟರು. ನಮ್ಮಲ್ಲಿ ಆಗ ಕಲ್ಯಾಣದ ಚಾಲುಕ್ಯ ಆಹವಮಲ್ಲ ಸೋಮೇಶ್ವರನು ಆಳುತ್ತಿದ್ದನು. ಆ ಅತಿಥಿಯು 23 ದಿನಗಳ ಕಾಲ ಹಗಲಿನಲ್ಲಿಯೇ ಕಾಣಿಸಿತು. ರಾತ್ರಿಯ ಹೊತ್ತು 1056ರ ಏಪ್ರಿಲಿನವರೆಗೂ ಕಂಡು ಬಳಿಕ ಮರೆಯಾಯಿತು. ಇದನ್ನು ಬರೆದವರು ಸಂಬಳಕ್ಕೆ ದುಡಿಯುವ ಸರಕಾರಿ ನೌಕರರೇ ಎಂಬುದನ್ನು ವಾಚಕರು ಗಮನಿಸತಕ್ಕದ್ದು. ಅರಸನಿಗೆ ಶುಭವೋ ಅಶುಭವೋ ಎಂದು ಶಕುನ ಹೇಳುವುದು ಅವರಿಗೆ ವಿಧಿಸಿದ್ದ ಕೆಲಸ. ಆ ಶಕುನದಿಂದ ಇಂದು ಯಾರಿಗೂ ಪ್ರಯೋಜನವಿಲ್ಲ. ಆದರೆ ತಾರೀಖನ್ನೂ ಸ್ಥಾನವನ್ನೂ ಅವರು ನಿಷ್ಠೆಯಿಂದ ದಾಖಲೆ ಮಾಡಿದ್ದರು. ಆ ದಾಖಲೆ ಸುಮಾರು ಒಂಬತ್ತು ಶತಮಾನಗಳ ಮೇಲೆ ಕೆಲಸಕ್ಕೆ ಬಂತು.

1731ರಲ್ಲಿ ಇಂಗ್ಲೆಂಡಿನ ವೈದ್ಯನಾದ ಜಾನ್ ಬೆವಿಸನು ಈ ಮಬ್ಬನ್ನು ಕಂಡನು. 1758ರಲ್ಲಿ ಫ್ರಾನ್ಸಿನ ಮೆಸಿಯೇ ಎಂಬವನು ಧೂಮಕೇತುವನ್ನು ಹುಡುಕುತ್ತಿದ್ದಾಗ ಇದಕ್ಕೆ ಮೋಸಹೋಗಿ, ಮತ್ತಾರೂ ಹಾಗೆ ಮೋಸಹೋಗದಿರಲೆಂದು ತನ್ನ ಪಟ್ಟಿಯಲ್ಲಿ ಮೊದಲನೆಯ ಅಂಕೆ ಕೊಟ್ಟನು. ಮುಂದೆ ಐರ್ಲೆಂಡಿನ ರಾಸ್ ಪ್ರಭುವು ಬರೆದ ಚಿತ್ರದಲ್ಲಿ ಇದಕ್ಕೆ ಕಾಲುಗಳಂತಹ ಎಳೆಗಳು ಮೂಡಿದ್ದರಿಂದ ಏಡಿ ನೀಹಾರಿಕೆ ಎಂಬ ಹೆಸರು ನಿಂತಿತು. ಕೈಬರಹದ ಚಿತ್ರದಲ್ಲಿ ಬರೆಯುವವನ ಕಣ್ಣೂ ಮನಸ್ಸೂ ಸೇರಿಕೊಳ್ಳುವುದನ್ನು ತಪ್ಪಿಸಲಾಗದಷ್ಟೆ. ಛಾಯಾಚಿತ್ರ ಬಂದ ಮೇಲೆ ಮಾತು ಬೇರೆಯಾಯಿತು. ಅಮೆರಿಕೆಯ ಮೌಂಟ್ ವಿಲ್ಸನ್ ವೀಕ್ಷಣಾಲಯದಲ್ಲಿ 1909ರಲ್ಲಿಯೂ 1921ರಲ್ಲಿಯೂ ತೆಗೆದ ಫಲಕಗಳನ್ನು ಜಾನ್ ಡಂಕನ್ನನು ಹೋಲಿಸಿ ನೋಡಲಾಗಿ, ಮಬ್ಬು ಹಿಗ್ಗಿತ್ತು! ಹಿಗ್ಗುವ ವೇಗವನ್ನು ಹಿಡಿದು ಹಿಂದಕ್ಕೆ ಲೆಕ್ಕ ಹಾಕಿದರೆ ಸುಮಾರು 900 ವರ್ಷಗಳ ಕೆಳಗೆ ಅದೆಲ್ಲವೂ ಒಂದು ಬಿಂದುವಿನಲ್ಲಿ ಇದ್ದಿರಬೇಕೆಂದೂ, ಅದು ಚೀನೀಯರ ಅತಿಥಿಯೇ ಎಂದೂ 1928ರಲ್ಲಿ ಎಡ್ವಿನ್ ಹಬಲನು ಸೂಚಿಸಿದನು. ಗಾಜಿನ ಫಲಕವೂ ಆಸ್ಥಾನದ ದಫ್ತರವೂ ಒಂದೇ ಕಾಲವನ್ನು ತೋರಿಸಿದವು.

ಮಬ್ಬಿನ ದೂರ ಸುಮಾರು 6500 ಜ್ಯೋತಿರ್ವರ್ಷಗಳಾದ ಕಾರಣ, 1054 ಎಂಬುದು ಬೆಳಕು ನಮ್ಮನ್ನು ಮುಟ್ಟಿದ ವರ್ಷ. ಸ್ಫೋಟವಾದದ್ದು ಅದಕ್ಕೂ ಅಷ್ಟು ಸಹಸ್ರ ವರ್ಷ ಹಿಂದೆ. ಚೂರುಗಳು ಸೆಕೆಂಡಿಗೆ ಸುಮಾರು 1500 ಕಿಲೋಮೀಟರು ವೇಗದಿಂದ ಇಂದಿಗೂ ಓಡುತ್ತಿವೆ. ನಡುವೆ ಉಳಿದ ತಿರುಳು ಕುಸಿದು, ಒಂದು ಪಟ್ಟಣದಷ್ಟು ಅಗಲದೊಳಗೆ ಸೂರ್ಯನಿಗಿಂತ ಹೆಚ್ಚಿನ ದ್ರವ್ಯವನ್ನು ತುಂಬಿಕೊಂಡು, ಸೆಕೆಂಡಿಗೆ 30 ಸಲ ಸುತ್ತುತ್ತಿರುವುದು 1968ರಲ್ಲಿ ಗೊತ್ತಾಯಿತು. ನಕ್ಷತ್ರದ ತಿರುಳು ಸೂರ್ಯನ ಸುಮಾರು 1.4 ಪಾಲನ್ನು ಮೀರಿದರೆ ಶ್ವೇತಕುಬ್ಜವಾಗಿ ನಿಲ್ಲಲಾರದೆಂಬ ಮಿತಿಗೆ ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರರ ಹೆಸರಿದೆ. ಅದರ ಲೆಕ್ಕವನ್ನು ಅವರು ಆರಂಭಿಸಿದ್ದು 1930ರಲ್ಲಿ, ಇಂಗ್ಲೆಂಡಿಗೆ ಹೋಗುವ ಹಡಗಿನಲ್ಲಿ, ಹತ್ತೊಂಬತ್ತರ ಹರೆಯದಲ್ಲಿ.

ಇನ್ನು ನೋಡುವ ಬಗೆ. ಕತ್ತಲೆಯ ಊರಿನಲ್ಲಿ ನಾಲ್ಕಂಗುಲದ ದೂರದರ್ಶಕವೇ ಏಡಿ ನೀಹಾರಿಕೆಗೆ ಸಾಕು. ರಾಜಹಂಸ ಮಂಡಲದಲ್ಲಿ ಇನ್ನೊಂದು ಅವಶೇಷವಿದೆ. ಅದು ಸಾವಿರಾರು ವರ್ಷ ಹಳೆಯದು, ಚಂದ್ರಬಿಂಬದ ಆರು ಪಟ್ಟು ಹರವಿನಲ್ಲಿ ಹರಿದ ಸೆರಗಿನ ಎಳೆಗಳಂತೆ ಚೆದರಿದೆ. 1784ರಲ್ಲಿ ವಿಲಿಯಂ ಹರ್ಷೆಲನು ಅದನ್ನು ಕಂಡನು. ಆಮ್ಲಜನಕದ ಬೆಳಕನ್ನು ಮಾತ್ರ ಒಳಗೆ ಬಿಡುವ ಸೋಸುಗಾಜನ್ನಿಟ್ಟು ನೋಡಿದವರಿಗೆ ಈ ಎಳೆಗಳು ಸ್ಪಷ್ಟವಾಗುತ್ತವೆ. ಚಿತ್ರ ತೆಗೆಯುವವರು ಭೂಮಿಯ ತಿರುಗುವಿಕೆಗೆ ಸರಿಯಾಗಿ ದೂರದರ್ಶಕವನ್ನು ತಿರುಗಿಸುವ ಯಂತ್ರದ ಮೇಲೆ ಕ್ಯಾಮರಾ ಕೂಡಿಸಿ, ಹಲವು ನಿಮಿಷಗಳಂತೆ ಹತ್ತಾರು ಸಲ ಬೆಳಕನ್ನು ಹಿಡಿದು, ಎಲ್ಲವನ್ನೂ ಒಂದರ ಮೇಲೊಂದು ಸೇರಿಸುತ್ತಾರೆ. ಆಗ ಜಲಜನಕದ ಕೆಂಪು, ಆಮ್ಲಜನಕದ ಹಸಿರುನೀಲಿ ಹೊರಬರುತ್ತವೆ. ಕಣ್ಣಿಗೆ ಕಾಣದ ಬಣ್ಣವನ್ನು ಚಿತ್ರದಲ್ಲಿ ತೋರಿಸುವುದು ಕಪಟವೆಂದು ಆಕ್ಷೇಪಿಸುವವರ ಮಾತನ್ನು ನಾವು ಒಪ್ಪಲಾರೆವು. ಏನು ಮಾಡಿದೆನೆಂದು ಚಿತ್ರದ ಕೆಳಗೆ ಬರೆಯದಿರುವುದು ಮಾತ್ರ ತಪ್ಪು. ತಾರೀಖನ್ನು ಬರೆದಿಟ್ಟ ಹವ್ಯಾಸಿಯು ಹತ್ತು ಹನ್ನೆರಡು ವರ್ಷ ಕಳೆದು ಅದೇ ಮಬ್ಬಿನ ಚಿತ್ರವನ್ನು ಮತ್ತೆ ತೆಗೆದರೆ, ಡಂಕನ್ನನು ಕಂಡದ್ದನ್ನು ತಾನೂ ತನ್ನ ಮನೆಯಲ್ಲಿ ಅಳೆದು ನೋಡಬಹುದು.

ಆದರೆ ಕತ್ತಲೆಯೆಲ್ಲಿ? ಡಂಕನ್ನನ ಫಲಕಗಳನ್ನು ತೆಗೆದ ಆ ಬೆಟ್ಟದ ಕೆಳಗೇ ಲಾಸ್ ಏಂಜಲೀಸ್ ನಗರವು ಬೆಳೆದು, ಅದರ ದೀಪಗಳು ಅಲ್ಲಿನ ಆಕಾಶವನ್ನು ನುಂಗಿದವು. ಬೆಂಗಳೂರಿನ ಅವಸ್ಥೆಯೂ ಅದೇ. ಇಲ್ಲಿಯ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಎರಡು ಮೀಟರಿನ ದೂರದರ್ಶಕವು ಲಡಾಖಿನ ಹಾನ್ಲೆಯಲ್ಲಿ, 4500 ಮೀಟರು ಎತ್ತರದಲ್ಲಿದೆ; ಅದನ್ನು ನಡೆಸುವವರು ಹೊಸಕೋಟೆಯಲ್ಲಿ ಕುಳಿತು ಉಪಗ್ರಹದ ಮೂಲಕ ನಡೆಸುತ್ತಾರೆ. ಹಾನ್ಲೆಯ ಸುತ್ತಲಿನ ಪ್ರದೇಶವನ್ನು 2022ರಲ್ಲಿ ಕತ್ತಲೆಯ ಆಕಾಶದ ರಕ್ಷಿತ ಪ್ರದೇಶವೆಂದು ಸಾರಲಾಯಿತು. ಅಲ್ಲಿಗೆ ಹೋಗಲಾರದ ನಮ್ಮ ವಿದ್ಯಾರ್ಥಿಗಳ ಗತಿಯೇನು? ಬೀದಿಯ ದೀಪಗಳನ್ನು ಆರಿಸಿರೆಂದು ನಾವು ಪುರಸಭೆಗಳಿಗೆ ಹೇಳುತ್ತಿಲ್ಲ. ನೆಲಕ್ಕೆ ಬೀಳಬೇಕಾದ ಬೆಳಕು ಮುಗಿಲಿಗೆ ಹೋಗದಂತೆ ದೀಪಗಳ ಮೇಲೆ ಮರೆಯಿಡುವುದು ಅವರ ಕೈಯಲ್ಲಿರುವ ಕೆಲಸ. ಕರದ ಹಣವೂ ಉಳಿದೀತು. ಡಿಸೆಂಬರ್ ನಡುವಿನಲ್ಲಿ ಏಡಿ ನೀಹಾರಿಕೆಯು ಮಧ್ಯರಾತ್ರಿಗೆ ನಮ್ಮ ನೆತ್ತಿಯ ಹತ್ತಿರವೇ ಬರುತ್ತದೆ. ಅಷ್ಟರೊಳಗೆ ಶಾಲೆಯ ಮೈದಾನಗಳ ಸುತ್ತಲಿನ ದೀಪಗಳಿಗಾದರೂ ಈ ಮರೆಗಳನ್ನು ಹಾಕಿಸಬೇಕೆಂದು ಅಧಿಕಾರಿಗಳನ್ನು ಕೇಳಿಕೊಳ್ಳುತ್ತೇವೆ.