ರತ್ನಗಂಬಳಿಯ ಆಯುಸ್ಸು

ವಸ್ತುಗಳ ವಯಸ್ಸನ್ನು ನಾವು ಸಾಮಾನ್ಯವಾಗಿ ವರ್ಷಗಳಲ್ಲಿ ಎಣಿಸುತ್ತೇವೆ. ಆದರೆ ಪದಾರ್ಥಗಳಿಗೆ ಪಂಚಾಂಗದ ಪರಿಚಯವಿಲ್ಲ. ಲಕ್ಷಾಂತರ ಬಾರಿ ಅದುಮಲ್ಪಟ್ಟ ಸ್ಪ್ರಿಂಗು ಒಂದೇ ವರ್ಷದಲ್ಲಿ ಮುದಿಯಾಗಬಹುದು. ಪೆಟ್ಟಿಗೆಯಲ್ಲಿ ಸುಮ್ಮನೆ ಬಿದ್ದಿರುವ ಸ್ಪ್ರಿಂಗು ಇಪ್ಪತ್ತು ವರ್ಷಗಳಾದರೂ ತರುಣವಾಗಿಯೇ ಉಳಿಯಬಹುದು. ಈ ಮಾತಿನ ಸತ್ಯವನ್ನು ಕಾಣಲು ಪ್ರಯೋಗಶಾಲೆಗೇ ಹೋಗಬೇಕೆಂದಿಲ್ಲ. ನೆಲದ ಮೇಲೆ ಹಾಸಿದ ರತ್ನಗಂಬಳಿ ಮತ್ತು ಅದರ ಕೆಳಗೆ ಅಡಗಿರುವ ಮೆತ್ತನೆಯ ಅಡಿಹಾಸು ಇವೆರಡೇ ಸಾಕು.

ನಮ್ಮ ನಾಡಿನಲ್ಲಿ ಜಮಖಾನವನ್ನು ಬೇಕೆಂದಾಗ ಹಾಸಿ, ಬೇಡವೆಂದಾಗ ಸುತ್ತಿಡುವುದು ರೂಢಿ. ನವಲಗುಂದದ ಜಮಖಾನವನ್ನು ಅಂಗಳಕ್ಕೆ ತಂದು ಕೊಡವಿ ಬಿಸಿಲಿಗೆ ಹಾಕಿದರೆ ಅದರ ಎರಡು ಮುಖಗಳೂ ನಮ್ಮ ಕಣ್ಣಿಗೆ ಬೀಳುತ್ತವೆ. ಇಂಗ್ಲೆಂಡು, ಅಮೆರಿಕ ಮುಂತಾದ ದೇಶಗಳ ಅನೇಕ ಮನೆಗಳಲ್ಲಿ ಪದ್ಧತಿಯೇ ಬೇರೆ. ಅಲ್ಲಿ ರತ್ನಗಂಬಳಿಯನ್ನು ಗೋಡೆಯಿಂದ ಗೋಡೆಯವರೆಗೆ ಬಿಗಿಯಾಗಿ ಎಳೆದು, ಅಂಚಿನಲ್ಲಿರುವ ಮುಳ್ಳುಪಟ್ಟಿಗಳಿಗೆ ಸಿಕ್ಕಿಸಿಬಿಡುತ್ತಾರೆ. ಒಮ್ಮೆ ಹಾಸಿದರೆ ಅದರ ಅಡಿಯಲ್ಲಿ ಏನು ನಡೆಯುತ್ತಿದೆಯೆಂದು ಹಲವು ವರ್ಷಗಳ ಕಾಲ ಯಾರಿಗೂ ಕಾಣದು. ಓದಿಗಾಗಿಯೋ ಉದ್ಯೋಗಕ್ಕಾಗಿಯೋ ಆ ದೇಶಗಳಿಗೆ ಹೋಗುವ ನಮ್ಮ ತರುಣರು ಇಂತಹ ಬಾಡಿಗೆಯ ಮನೆಗಳಲ್ಲಿಯೇ ವಾಸಿಸಬೇಕಾಗುತ್ತದೆ. ಆದುದರಿಂದ ಈ ವಿಷಯ ನಮಗೂ ತೀರ ಅಪರಿಚಿತವಾಗಿರಬೇಕಾಗಿಲ್ಲ.

ಇಂಗ್ಲೆಂಡಿನ ಆಕ್ಸ್‌ಮಿನ್‌ಸ್ಟರ್ ಎಂಬ ಊರಿನಲ್ಲಿ ಥಾಮಸ್ ವಿಟ್ಟಿ ಎಂಬಾತ 1755ರಲ್ಲಿ ರತ್ನಗಂಬಳಿಗಳನ್ನು ನೇಯಲು ಆರಂಭಿಸಿದನು. ಈಗ ಬಹುಪಾಲು ರತ್ನಗಂಬಳಿಗಳನ್ನು ನೇಯುವುದಿಲ್ಲ. ಯಂತ್ರದ ಸೂಜಿಗಳಿಂದ ನೂಲಿನ ಕುಚ್ಚುಗಳನ್ನು ಒಂದು ಬಟ್ಟೆಗೆ ಚುಚ್ಚಿ, ಹಿಂಬದಿಗೆ ರಬ್ಬರಿನಂತಹ ಅಂಟನ್ನು ಬಳಿದು, ಇನ್ನೊಂದು ಬಟ್ಟೆಯನ್ನು ಮೆತ್ತಿಸುತ್ತಾರೆ. ಇದರ ಕೆಳಗೆ ಬರುವುದೇ ಅಡಿಹಾಸು. ಹಿಂದೆ ಇದನ್ನು ಒತ್ತಿ ಹದಮಾಡಿದ ಕೂದಲು, ಉಣ್ಣೆ, ಸೆಣಬುಗಳಿಂದ ಮಾಡುತ್ತಿದ್ದರು. ಅನಂತರ ಸ್ಪಂಜು ರಬ್ಬರು ಬಂದಿತು. ಜರ್ಮನಿಯಲ್ಲಿ ಆಟೋ ಬೇಯರ್ ಮತ್ತು ಅವರ ಸಂಗಡಿಗರು 1937ರಲ್ಲಿ ಪಾಲಿಯುರಿಥೇನನ್ನು ಕಂಡುಹಿಡಿದ ಮೇಲೆ, ಅದರಿಂದ ಮಾಡಿದ ಫೋಮು ಕ್ರಮೇಣ ಈ ಸ್ಥಾನವನ್ನು ಆಕ್ರಮಿಸಿತು.

ಈ ಅಡಿಹಾಸಿನ ಕೆಲಸವೇನು? ಒಂದು ವಸ್ತು 10 ಸೆಂಟಿಮೀಟರ್ ಎತ್ತರದಿಂದ ಬೀಳುತ್ತದೆಂದು ಭಾವಿಸೋಣ. ಬಿದ್ದ ವಸ್ತುವನ್ನು ಎಷ್ಟು ಕಡಮೆ ದೂರದಲ್ಲಿ ತಡೆದು ನಿಲ್ಲಿಸುತ್ತೇವೆಯೋ ಅಷ್ಟು ಹೆಚ್ಚು ಬಲ ಬೇಕು. ನೆಲವು 5 ಮಿಲಿಮೀಟರಿನಷ್ಟು ತಗ್ಗಿ ಅದನ್ನು ನಿಲ್ಲಿಸಿದರೆ, ಸರಾಸರಿ ಬಲವು ವಸ್ತುವಿನ ತೂಕದ ಸುಮಾರು 20 ಪಾಲು. ನೆಲವು 1 ಮಿಲಿಮೀಟರು ಮಾತ್ರ ತಗ್ಗಿದರೆ ಅದೇ ಬಲವು ಸುಮಾರು 100 ಪಾಲಿಗೆ ಏರುತ್ತದೆ! ನಡೆಯುವವನ ಹಿಮ್ಮಡಿ ನೆಲವನ್ನು ತಟ್ಟುವಾಗಲೂ ಇದೇ ತತ್ತ್ವ ಅನ್ವಯಿಸುತ್ತದೆ. ಅಡಿಹಾಸು ಜೀವಂತವಾಗಿದ್ದರೆ ಹೊಡೆತವನ್ನು ತಾನೇ ನುಂಗಿಕೊಳ್ಳುತ್ತದೆ. ಅದು ಸತ್ತರೆ ಆ ಹೊಡೆತವನ್ನು ಹಿಮ್ಮಡಿಯೂ, ಕುಚ್ಚುಗಳೂ, ಕೆಳಗಿನ ಮನೆಯವರ ಕಿವಿಗಳೂ ಹಂಚಿಕೊಳ್ಳಬೇಕಾಗುತ್ತದೆ.

ಎರಡನೆಯ ಕೆಲಸ ಬೆಚ್ಚಗಿಡುವುದು. ಫೋಮಿನ ಬಹುಭಾಗ ಗಾಳಿಯೇ. ನಿಶ್ಚಲವಾದ ಗಾಳಿ ಉಷ್ಣದ ದುರ್ಬಲ ವಾಹಕ. ಬಟ್ಟೆಗಳ ಉಷ್ಣನಿರೋಧವನ್ನು ಅಳೆಯಲು ಮ್ಯಾಂಚೆಸ್ಟರಿನ ಷರ್ಲಿ ಇನ್‌ಸ್ಟಿಟ್ಯೂಟಿನಲ್ಲಿ 1940ರ ದಶಕದಲ್ಲಿ ‘ಟಾಗ್’ ಎಂಬ ಮಾನವನ್ನು ರೂಪಿಸಿದರು. ಉಷ್ಣವಾಹಕತೆ 0.04 ವಾಟ್ ಪ್ರತಿ ಮೀಟರ್ ಪ್ರತಿ ಡಿಗ್ರಿ ಇರುವ, 10 ಮಿಲಿಮೀಟರ್ ದಪ್ಪದ ಅಡಿಹಾಸಿನ ನಿರೋಧ 2.5 ಟಾಗ್ ಎಂದು ಲೆಕ್ಕ ಮಾಡಬಹುದು. ಅದು ತುಳಿತಕ್ಕೆ ಸಿಕ್ಕಿ ಅರ್ಧ ದಪ್ಪಕ್ಕೆ ಇಳಿದರೆ ನಿರೋಧವೂ ಹೆಚ್ಚುಕಡಮೆ ಅರ್ಧಕ್ಕೆ ಇಳಿಯುತ್ತದೆ. ಮೇಲಿನ ರತ್ನಗಂಬಳಿ ನೋಡಲು ಚೆನ್ನಾಗಿಯೇ ಇರಬಹುದು. ಕೋಣೆ ಮಾತ್ರ ಮೊದಲಿನಷ್ಟು ಬೆಚ್ಚಗಿರದು.

ಹಾಗಾದರೆ ಅಡಿಹಾಸು ಸಾಯುವುದು ಹೇಗೆ? ನಾಲ್ಕು ಜನರ ಮನೆಯಲ್ಲಿ ಒಬ್ಬೊಬ್ಬರೂ ಒಂದು ಬಾಗಿಲನ್ನು ದಿನಕ್ಕೆ 50 ಬಾರಿ ದಾಟುವರೆಂದುಕೊಂಡರೆ, ಆ ಬಾಗಿಲ ಬಳಿಯ ನೆಲ ವರ್ಷಕ್ಕೆ 73,000 ತುಳಿತಗಳನ್ನು ಸಹಿಸಬೇಕು. ಹತ್ತು ವರ್ಷಗಳಲ್ಲಿ ಏಳು ಲಕ್ಷಕ್ಕೂ ಮಿಕ್ಕಿ. ಪ್ರತಿ ತುಳಿತಕ್ಕೂ ಫೋಮಿನ ಸೂಕ್ಷ್ಮ ಗೂಡುಗಳ ಗೋಡೆಗಳು ಬಾಗಿ ಮತ್ತೆ ನೆಟ್ಟಗಾಗುತ್ತವೆ. ಒಂದೊಂದು ಬಾರಿಯೂ ಅತ್ಯಲ್ಪವಾದ ಹಾನಿ ಉಳಿದುಬಿಡುತ್ತದೆ. ಲೋಹದಂತೆ ಫೋಮೂ ದಣಿಯುತ್ತದೆ. ರಬ್ಬರಿಗಾದರೋ ಗಾಳಿಯಲ್ಲಿರುವ ಆಮ್ಲಜನಕವೂ ಶತ್ರು. ಮುದಿಯಾದ ಸ್ಪಂಜು ರಬ್ಬರು ಬಿರುಸಾಗಿ, ಕೊನೆಗೆ ಪುಡಿಪುಡಿಯಾಗುತ್ತದೆ. ಕೋಣೆಯ ಮೂಲೆಯಲ್ಲಿ, ಕಪಾಟಿನ ಹಿಂದೆ, ಅದೇ ದಿನ ಹಾಸಿದ ಅದೇ ಅಡಿಹಾಸು ಇನ್ನೂ ಪುಟಿಯುತ್ತಿರುತ್ತದೆ. ವರ್ಷಗಳ ಲೆಕ್ಕ ಇಲ್ಲಿ ನಮ್ಮನ್ನು ಮೋಸಗೊಳಿಸುವುದು ಹೀಗೆ.

ಈ ವ್ಯತ್ಯಾಸವೇ ನಮಗೆ ಪರೀಕ್ಷೆಯ ದಾರಿಯನ್ನೂ ತೋರಿಸುತ್ತದೆ. ವಿಜ್ಞಾನಿ ಯಾವುದನ್ನು ಅಳೆಯಬೇಕಾದರೂ ಹೋಲಿಕೆಗೆ ಒಂದು ಮಾದರಿಯನ್ನು ಇಟ್ಟುಕೊಳ್ಳುತ್ತಾನೆ. ಇಲ್ಲಿ ಆ ಮಾದರಿ ಕೋಣೆಯಲ್ಲೇ ಇದೆ. ಬರಿಗಾಲಿನಲ್ಲಿ ಮೊದಲು ಯಾರೂ ತುಳಿಯದ ಮೂಲೆಯಲ್ಲಿ, ಅನಂತರ ಬಾಗಿಲ ಬಳಿ ನಿಂತು ನೋಡಿ. ಬಾಗಿಲ ಬಳಿ ಅಂಗಾಲಿಗೆ ಗಟ್ಟಿ ನೆಲವೇ ತಾಗಿದಂತಾದರೆ ಅಡಿಹಾಸಿನ ಕಾಲ ಮುಗಿದಿದೆ. ಹೆಜ್ಜೆಯಿಟ್ಟಾಗ ಕರಕರ ಶಬ್ದ ಕೇಳಿಸಿದರೆ ಒಳಗೆ ರಬ್ಬರು ಪುಡಿಯಾಗಿರಬಹುದು. ಭಾರವಾದ ಮೇಜಿನ ಕಾಲು ಒತ್ತಿದ ಗುಳಿಯಲ್ಲಿ ಕುಚ್ಚುಗಳನ್ನು ಬೆರಳಿನಿಂದ ಎಬ್ಬಿಸಿ, ಒಂದು ದಿನ ಬಿಟ್ಟು ಅಂಗೈಯಿಂದ ಅದುಮಿ ನೋಡಿ. ಕುಚ್ಚು ಎದ್ದರೂ ಗುಳಿ ಉಳಿದಿದ್ದರೆ ದೋಷ ಮೇಲಿನದಲ್ಲ, ಕೆಳಗಿನದು.

ರತ್ನಗಂಬಳಿಗೂ ತನ್ನದೇ ಆದ ಲಕ್ಷಣಗಳಿವೆ. ಓಡಾಟದ ಹಾದಿ ಎಷ್ಟು ತೊಳೆದರೂ ಮಂಕಾಗಿಯೇ ಇದ್ದರೆ ಅದು ಕೊಳೆಯಲ್ಲ. ಪಾದರಕ್ಷೆಯೊಡನೆ ಬಂದ ಮರಳಿನ ಕಣಗಳು ಎಳೆಗಳಿಗಿಂತ ಗಟ್ಟಿ. ಅವು ಎಳೆಗಳ ಮೇಲೆ ಗೀರುಗಳನ್ನು ಕೊರೆದಿವೆ. ಆ ಗೀರುಗಳಿಂದ ಬೆಳಕು ಚದರುವುದರಿಂದ ಬಣ್ಣ ಮಾಸಿದಂತೆ ತೋರುತ್ತದೆ. ಇದಕ್ಕೆ ಸಾಬೂನಿನಲ್ಲಿ ಪರಿಹಾರವಿಲ್ಲ. ಕುಚ್ಚುಗಳ ನಡುವೆ ಹಿಂಬಟ್ಟೆ ಇಣುಕಿದರೆ ಅಥವಾ ಹಾಸು ಅಲೆಯಲೆಯಾಗಿ ಎದ್ದರೆ ಸಂಶಯವೇ ಉಳಿಯದು. ಕೆಲವೊಮ್ಮೆ ಸಡಿಲಾದ ಹಾಸನ್ನು ಮತ್ತೆ ಎಳೆದು ಬಿಗಿಯಬಹುದು. ಆದರೆ ಸತ್ತ ಅಡಿಹಾಸಿನ ಮೇಲೆ ಬಾಗಿ ಬಾಗಿ ಹಿಂಬದಿಯ ಅಂಟು ಬಿರಿದಿದ್ದರೆ ಅದೂ ಹೆಚ್ಚು ಕಾಲ ನಿಲ್ಲದು. ಇಂತಹ ಅಲೆಗಳನ್ನೂ, ಮೆಟ್ಟಿಲಿನ ಅಂಚಿನ ಸವೆತವನ್ನೂ ಅಲಕ್ಷಿಸಬಾರದು. ಮನೆಯಲ್ಲಿ ವೃದ್ಧರಿದ್ದರೆ ಒಂದು ಎಡವಿಕೆಯ ಬೆಲೆ ಒಂದು ರತ್ನಗಂಬಳಿಯ ಬೆಲೆಗಿಂತ ಬಹಳ ಹೆಚ್ಚು.

ನೀರಿನ ವಿಷಯದಲ್ಲಂತೂ ವರ್ಷಗಳ ಮಾತೇ ಇಲ್ಲ, ಗಂಟೆಗಳ ಲೆಕ್ಕ. ಕೊಳಾಯಿ ಒಡೆದು ನೀರು ನುಗ್ಗಿದರೆ ಮೇಲ್ಭಾಗ ಬೇಗ ಒಣಗುತ್ತದೆ, ಅಡಿಹಾಸು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. 24ರಿಂದ 48 ಗಂಟೆಗಳೊಳಗೆ ಪೂರ್ತಿ ಒಣಗದಿದ್ದರೆ ಬೂಷ್ಟು ಬೆಳೆಯಲು ಅವಕಾಶವಾಗುತ್ತದೆ. ಚರಂಡಿಯ ನೀರಾಗಿದ್ದರೆ ಒಣಗಿಸುವ ಯೋಚನೆಯೇ ಬೇಡ, ಎರಡನ್ನೂ ತೆಗೆದುಹಾಕಬೇಕು. ಬಿಡದೆ ಬರುವ ಮುಗ್ಗುಲು ವಾಸನೆಯೂ ಇಂತಹ ಎಚ್ಚರಿಕೆಯೇ.

ಹೊಸ ರತ್ನಗಂಬಳಿಯನ್ನು ಕೊಂಡು ಹಳೆಯ ಅಡಿಹಾಸಿನ ಮೇಲೆಯೇ ಹಾಸಿ ಹಣ ಉಳಿಸುವ ಆಸೆ ಸಹಜ. ಆದರೆ ಹಳೆಯ ಅಡಿಹಾಸಿನಲ್ಲಿ ಹತ್ತು ವರ್ಷಗಳ ಓಡಾಟದ ನಕ್ಷೆಯೇ ತಗ್ಗುಗಳಾಗಿ ಮೂಡಿರುತ್ತದೆ. ಹೊಸ ಹಾಸು ಆ ತಗ್ಗುಗಳಿಗೆ ಬಾಗಿ, ಅಲ್ಲಿಯೇ ಬೇಗ ಸವೆಯುತ್ತದೆ. ಆದುದರಿಂದ ಎರಡನ್ನೂ ಒಟ್ಟಿಗೆ ಬದಲಾಯಿಸುವುದೇ ಮಿತವ್ಯಯ. ಮೆತ್ತಗಿದ್ದಷ್ಟೂ ಒಳ್ಳೆಯದೆಂಬುದೂ ತಪ್ಪು; ಅತಿ ಮೆತ್ತನೆಯ ಅಡಿಹಾಸಿನ ಮೇಲೆ ಹಿಂಬಟ್ಟೆ ಹೆಚ್ಚು ಬಾಗುತ್ತದೆ. ಮನೆಗಳಿಗೆ ಸುಮಾರು 11 ಮಿಲಿಮೀಟರಿಗಿಂತ ದಪ್ಪ ಬೇಡವೆಂಬುದು ಅಮೆರಿಕದಲ್ಲಿ ಸಾಮಾನ್ಯವಾಗಿ ಕೊಡುವ ಸಲಹೆ. ಹಳೆಯದನ್ನು ಕಿತ್ತಾಗ ಕೆಳಗೆ ಹಳೆಯ ಕಾಲದ ವಿನೈಲ್ ಬಿಲ್ಲೆಗಳು ಕಂಡರೆ ಅವನ್ನು ಕೆರೆಯಬಾರದು. 1980ರ ದಶಕಕ್ಕೆ ಮೊದಲು ಕಟ್ಟಿದ ಮನೆಗಳಲ್ಲಿ ಅವುಗಳೊಳಗೆ ಕಲ್ನಾರು ಇರುವ ಸಂಭವವಿದೆ. ಅದರ ಧೂಳು ಶ್ವಾಸಕೋಶಗಳಿಗೆ ಅಪಾಯಕರ. ಬಾಡಿಗೆಗೆ ಇರುವವರು ಇಂತಹ ಕೆಲಸಕ್ಕೆ ತಾವೇ ಕೈಹಾಕದೆ ಮಾಲೀಕರಿಗೆ ತಿಳಿಸುವುದು ಲೇಸು. ನಡೆದಾಡಿದ್ದರಿಂದಾದ ಸಹಜ ಸವೆತಕ್ಕೂ, ಅಜಾಗ್ರತೆಯಿಂದಾದ ಕಲೆ ಮತ್ತು ಸುಟ್ಟಗಾಯಗಳಿಗೂ ಇರುವ ಭೇದವನ್ನು ಇಂಗ್ಲೆಂಡಿನ ಬಾಡಿಗೆ ವ್ಯವಹಾರಗಳಲ್ಲಿ ಮನ್ನಿಸುತ್ತಾರೆ. ಸಹಜ ಸವೆತಕ್ಕಾಗಿ ಬಾಡಿಗೆದಾರನ ಮುಂಗಡವನ್ನು ಕಳೆಯುವಂತಿಲ್ಲ.

ಅಡಿಹಾಸು ಇನ್ನೂ ಪುಟಿಯುತ್ತಿರುವಾಗ, ಬಣ್ಣ ಬೇಸರವಾಯಿತೆಂದು ಎಲ್ಲವನ್ನೂ ಕಿತ್ತೆಸೆಯುವುದು ಪದಾರ್ಥದ ದುರ್ವ್ಯಯ. ಅದು ಸತ್ತ ಮೇಲೂ ಮೇಲಿನ ಅಂದವನ್ನು ನಂಬಿ ಕುಳಿತಿರುವುದು ಅವಿವೇಕ. ಅದುಮಿದಾಗ ತಗ್ಗುವುದು ಎಲ್ಲ ಮೆತ್ತನೆಯ ವಸ್ತುಗಳ ಗುಣ. ಬಿಟ್ಟಾಗ ಪೂರ್ವಸ್ಥಿತಿಗೆ ಮರಳುವುದೇ ಸ್ಥಿತಿಸ್ಥಾಪಕತೆ. ಆ ಮರಳುವಿಕೆ ಎಷ್ಟು ಉಳಿದಿದೆಯೋ ಅಷ್ಟೇ ಅಡಿಹಾಸಿನ ಆಯುಸ್ಸು.