ನಾರ್ಮಲ್ ಬಂತು ಅಂತ ಮಾತ್ರೆ ಬಿಟ್ಟೀರಾ?

‘ಸಿಸ್ಟರ್, ಬಿಪಿ ನಾರ್ಮಲ್ ಬಂದಿದೆ. ಅದಕ್ಕೇ ಮಾತ್ರೆ ನಿಲ್ಲಿಸಿಬಿಟ್ಟೆ.’

ನರ್ಸಿಂಗ್ ಓದುತ್ತಿರುವ ನಾನು ರಾಬರ್ಟ್‌ಸನ್‌ಪೇಟೆಯ ಮನೆಗಳಲ್ಲಿ ಈ ಮಾತನ್ನು ಕನ್ನಡ, ತಮಿಳು, ತೆಲುಗು, ಉರ್ದು ನಾಲ್ಕರಲ್ಲೂ ಕೇಳಿದ್ದೇನೆ. ಹೇಳುವವರ ಮುಖದಲ್ಲಿ ಕಾಯಿಲೆ ಗೆದ್ದ ಖುಷಿ ಇರುತ್ತದೆ.

ನಮ್ಮೂರಿನವರಿಗೆ ಉತ್ತರ ಹೇಳಲು ಗಣಿಯ ಉದಾಹರಣೆಯೇ ಸಾಕು. ಚಿನ್ನದ ಗಣಿ ನಡೆಯುತ್ತಿದ್ದಾಗ ಪಂಪುಗಳು ಒಳಗಿನ ನೀರನ್ನು ಮೇಲೆತ್ತುತ್ತಲೇ ಇರುತ್ತಿದ್ದವು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಪಂಪು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿಕೊಂಡಿತು. ಅಲ್ಲಿಯವರೆಗೆ ಕೆಲಸ ಸಾಗಿದ್ದು ಒಳಗೆ ನೀರಿಲ್ಲವೆಂದಲ್ಲ, ಪಂಪು ಓಡುತ್ತಿತ್ತೆಂದು. ಬಿಪಿ ಮಾತ್ರೆಯೂ ಅಂಥದ್ದೇ ಪಂಪು. ನಾರ್ಮಲ್ ಬಂದರೆ ಮಾತ್ರೆ ಕೆಲಸ ಮಾಡುತ್ತಿದೆ ಎಂದರ್ಥ, ಕಾಯಿಲೆ ಹೋಯಿತು ಎಂದಲ್ಲ.

ರಕ್ತದೊತ್ತಡ ಮೂರು ಸಂಗತಿಗಳ ಮೇಲೆ ನಿಂತಿದೆ: ರಕ್ತನಾಳ ಎಷ್ಟು ಬಿಗಿಯಾಗಿದೆ, ಅದರೊಳಗೆ ದ್ರವ ಎಷ್ಟಿದೆ, ಹೃದಯ ಎಷ್ಟು ಜೋರಾಗಿ ಬಡಿಯುತ್ತಿದೆ. ಒಂದೊಂದು ಮಾತ್ರೆ ಒಂದೊಂದು ಕಡೆ ಕೈ ಹಾಕುತ್ತದೆ.

ಅಮ್ಲೊಡಿಪಿನ್ ರಕ್ತನಾಳದ ಸ್ನಾಯುವಿನೊಳಗೆ ಕ್ಯಾಲ್ಸಿಯಂ ಹೋಗದಂತೆ ತಡೆಯುತ್ತದೆ. ಬಿಗಿ ಸಡಿಲವಾಗಿ ನಾಳ ಹಿಗ್ಗುತ್ತದೆ. ಕೆಲವರಿಗೆ ಪಾದ ಊದುವುದರಿಂದ ನಾವು ಕಣಕಾಲು ಒತ್ತಿ ನೋಡುತ್ತೇವೆ. ಆಂಜಿಯೊಟೆನ್ಸಿನ್ ಎಂಬ ರಾಸಾಯನಿಕ ನಾಳಗಳನ್ನು ಬಿಗಿಸಿ, ದೇಹದಲ್ಲಿ ಉಪ್ಪು ಉಳಿಯುವಂತೆ ಮಾಡುತ್ತದೆ. ಟೆಲ್ಮಿಸಾರ್ಟನ್, ಲೊಸಾರ್ಟನ್ ಅದರ ಕೆಲಸಕ್ಕೆ ಅಡ್ಡ ನಿಲ್ಲುತ್ತವೆ. ಎನಲಾಪ್ರಿಲ್ ಅದು ತಯಾರಾಗುವುದನ್ನೇ ಕಡಿಮೆ ಮಾಡುತ್ತದೆ, ಕೆಲವರಿಗೆ ಒಣಕೆಮ್ಮು ತರುತ್ತದೆ. ಈ ಗುಂಪಿನ ಮಾತ್ರೆ ತೆಗೆದುಕೊಳ್ಳುವವರಿಗೆ ಪೊಟ್ಯಾಸಿಯಂ ಮತ್ತು ಕಿಡ್ನಿ ಪರೀಕ್ಷೆ ಆಗಾಗ ಬೇಕು. ಗರ್ಭಿಣಿಯರಿಗೆ ಇವನ್ನು ಕೊಡುವಂತಿಲ್ಲ.

ಅಟೆನೊಲಾಲ್, ಮೆಟೊಪ್ರೊಲಾಲ್ ಹೃದಯದ ಓಟವನ್ನು ನಿಧಾನ ಮಾಡುತ್ತವೆ. ಕೊಡುವ ಮುನ್ನ ಒಂದು ನಿಮಿಷ ಪೂರ್ತಿ ನಾಡಿ ಎಣಿಸಬೇಕು. 60ಕ್ಕಿಂತ ಕಡಿಮೆಯಿದ್ದರೆ ತಡೆಹಿಡಿದು ವೈದ್ಯರನ್ನು ಕೇಳಬೇಕು. ಆಸ್ತಮಾ ಇದೆಯೇ ಎಂದೂ ವಿಚಾರಿಸಬೇಕು. ಇವನ್ನು ತಟ್ಟನೆ ಬಿಟ್ಟರೆ ಹೃದಯಕ್ಕೇ ಅಪಾಯ.

ಹೈಡ್ರೊಕ್ಲೊರೊಥಯಜೈಡ್‌ನಂಥ ‘ನೀರಿನ ಮಾತ್ರೆ’ ಉಪ್ಪು, ನೀರನ್ನು ಮೂತ್ರದಲ್ಲಿ ಹೊರಹಾಕುತ್ತದೆ. ರಾತ್ರಿ ನಿದ್ದೆ ಕೆಡದಿರಲೆಂದು ಬೆಳಿಗ್ಗೆ ಕೊಡುವುದು ರೂಢಿ. ಆದರೆ ಮಾರಿಕುಪ್ಪಂ, ಊರ್ಗಾಂ ನಿಲ್ದಾಣಗಳಲ್ಲಿ ನಸುಕಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವವರ ಪಾಡು ಯೋಚಿಸಿ. ಕಾಲಿಡಲೂ ಜಾಗವಿಲ್ಲದ ಬೋಗಿಯಲ್ಲಿ ಮೂತ್ರಕ್ಕೆ ಅವಸರವಾದರೆ? ಅಂಥವರು ಮಾತ್ರೆ ಬಿಟ್ಟರೆ ಅದನ್ನು ಸೋಮಾರಿತನ ಎನ್ನಲಾಗದು. ‘ಯಾಕೆ ಬಿಟ್ಟಿರಿ?’ ಎಂದು ಕೇಳಿ, ಸಮಯ ಬದಲಿಸಬಹುದೇ ಎಂದು ವೈದ್ಯರ ಬಳಿ ಮಾತನಾಡುವುದೂ ನರ್ಸಿನ ಕೆಲಸವೇ.

ಬಿಪಿ ನೋಡುವುದಕ್ಕೂ ಕ್ರಮವಿದೆ. ಅರ್ಧ ಗಂಟೆ ಮೊದಲಿನಿಂದ ಕಾಫಿ, ಬೀಡಿ ಬೇಡ. ಐದು ನಿಮಿಷ ಬೆನ್ನಿಗೆ ಒರಗು ಕೊಟ್ಟು, ಪಾದ ನೆಲಕ್ಕೂರಿ ಕೂರಿಸಬೇಕು. ತೋಳು ಹೃದಯದ ಮಟ್ಟದಲ್ಲಿರಬೇಕು, ಮಾತಾಡಿಸಬಾರದು. ಹಿರಿಯರಿಗೆ ನಿಂತಾಗಲೂ ಬಿಪಿ ನೋಡುವುದು ಒಳ್ಳೆಯದು. ಹೊಸ ಮಾತ್ರೆ ಶುರುವಾದಾಗ ಥಟ್ಟನೆ ಎದ್ದರೆ ಕಣ್ಣು ಕತ್ತಲೆ ಬಂದು ಬೀಳಬಹುದು. ಹಾಸಿಗೆಯಲ್ಲಿ ಎದ್ದು ಕೂತು, ಕಾಲು ಇಳಿಬಿಟ್ಟು, ಆಮೇಲೆ ನಿಲ್ಲಲು ಹೇಳಿ.

ಮೈಕೈ ನೋವಿಗೆ ಅಂಗಡಿಯಿಂದ ತಂದು ನುಂಗುವ ಡೈಕ್ಲೊಫೆನಾಕ್, ಐಬುಪ್ರೊಫೇನ್ ಬಿಪಿ ಏರಿಸಬಲ್ಲವು, ಕಿಡ್ನಿಗೂ ಪೆಟ್ಟು ಕೊಡಬಲ್ಲವು. ಒಂದು ಹೊತ್ತಿನ ಮಾತ್ರೆ ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗುವುದೂ ಬೇಡ. ಉಪ್ಪು ದಿನಕ್ಕೆ 5 ಗ್ರಾಂ ದಾಟಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಪ್ಪಿನಕಾಯಿ, ಹಪ್ಪಳವೂ ಆ ಲೆಕ್ಕದಲ್ಲೇ ಸೇರುತ್ತವೆ.

ಮನೆ ಬಾಗಿಲಿಗೇ ಬಂದು ಬಿಪಿ, ಶುಗರ್ ತಪಾಸಣೆ ಮಾಡುವ ರಾಜ್ಯದ ‘ಗೃಹ ಆರೋಗ್ಯ’ ಯೋಜನೆ 2024ರಲ್ಲಿ ಮೊದಲು ಶುರುವಾದದ್ದು ನಮ್ಮ ಕೋಲಾರ ಜಿಲ್ಲೆಯಲ್ಲೇ. ಆದರೆ ಮನೆಗೆ ಬಂದ ಮಾತ್ರೆ ದಿನವೂ ಹೊಟ್ಟೆ ಸೇರುವಂತೆ ನೋಡಿಕೊಳ್ಳಬೇಕಾದವರು ಮನೆಯವರೇ. ಬಿಪಿ ಏರಿದರೆ ನೋವಾಗುವುದಿಲ್ಲ, ಆದ್ದರಿಂದ ಗೊತ್ತೂ ಆಗುವುದಿಲ್ಲ. ಎಷ್ಟೋ ಮನೆಗಳಲ್ಲಿ ಅದು ಗೊತ್ತಾಗುವುದು ಲಕ್ವ ಹೊಡೆದ ಮೇಲೆಯೇ.

ಗೆಳೆಯರೇ, ಇವತ್ತು ಅಪ್ಪ, ಅಮ್ಮ, ಅಜ್ಜಿಯ ಮಾತ್ರೆ ಸ್ಟ್ರಿಪ್ ಒಮ್ಮೆ ತೆಗೆದು ನೋಡಿ. ಹೆಸರು ಓದಿ, ಉಳಿದಿರುವುದನ್ನು ಎಣಿಸಿ. ಲೆಕ್ಕ ತಪ್ಪಿದ್ದರೆ ಗದರಬೇಡಿ, ಕಾರಣ ಕೇಳಿ.