ಕೊರವಂಜಿ ಯಾರೆಂದು ಗೊತ್ತಾದ ಮೇಲೆ

ನಮ್ಮ ರಾಯಬಾಗ, ಅಥಣಿ ಕಡೆ ಶ್ರೀಕೃಷ್ಣ ಪಾರಿಜಾತ ಆಟದ ಕಥೆ ಗೊತ್ತಿಲ್ಲದವರು ಸಿಗುವುದು ಕಷ್ಟ. ನಾರದ ಪಾರಿಜಾತದ ಹೂ ತರುತ್ತಾನೆ, ಅದು ರುಕ್ಮಿಣಿಯ ಮುಡಿ ಸೇರುತ್ತದೆ, ಸತ್ಯಭಾಮೆ ಮುನಿಸಿಕೊಳ್ಳುತ್ತಾಳೆ, ಕೃಷ್ಣ ರಮಿಸುತ್ತಾನೆ. ಇಷ್ಟಕ್ಕೆ ಜನ ಬೆಳತನಕ ಕೂಡುತ್ತಾರೆ. ಬರುವ ವರ್ಷ ಪಕ್ಕದೂರಿನ ಜಾತ್ರೆಯಲ್ಲಿ ಅದೇ ಆಟವೆಂದರೆ ಮತ್ತೆ ಚಾಪೆ, ಕಂಬಳಿ ಹೊತ್ತು ಹೊರಡುತ್ತಾರೆ. ನಾನೂ ಅವರೊಳಗೊಬ್ಬ. “ನೋಡಿದ್ದನ್ನ ಎಷ್ಟ ಸಲಾ ನೋಡ್ತಿ ಅಜ್ಜಾ?” ಎಂದು ಮೊಮ್ಮಗಳು ಕೇಳಿದರೆ, “ನೋಡೀನಿ ಅಂತ ಹೊಂಟೀನವಾ” ಎನ್ನುತ್ತೇನೆ.

ಹುಡುಗನಿದ್ದಾಗ ನನಗೆ ಆರಂಭದ ಗೊಲ್ಲತಿಯ ಭಾಗವಷ್ಟೇ ಪಾರಿಜಾತ. ಆಕೆಯ ತಕರಾರಿಗೆ ನಕ್ಕು, ಅದು ಮುಗಿಯುತ್ತಲೇ ಅವ್ವನ ತೊಡೆಯ ಮೇಲೆ ನಿದ್ದೆ.

ಆಟದ ಗಮ್ಮತ್ತು ಇರುವುದು ಕೊರವಂಜಿಯಲ್ಲಿ. ಕಣಿ ಹೇಳಲು ಬಂದವಳು ವೇಷ ಮರೆಸಿದ ಕೃಷ್ಣನೆಂದು ಭಾಮೆಗೆ ತಿಳಿಯದು. ಮೊದಲ ಸಲ ನೋಡುವವರ ಕಣ್ಣು ಬುಟ್ಟಿ, ಸೀರೆ, ನಡಿಗೆಯ ಮೇಲೆ. ಗುಟ್ಟು ಬಲ್ಲವರು ಭಾಮೆಯ ಅಂಗೈ ಹಿಡಿದ ಆ ಕೈಯನ್ನೇ ನೋಡುತ್ತಾರೆ. ಗಂಡನ ಮನಸ್ಸು ಎಲ್ಲಿದೆಯೆಂದು ಗಂಡನೇ ಕಣಿ ಹೇಳುತ್ತಿದ್ದಾನೆ! ಒಮ್ಮೆ ಒಬ್ಬ ಕಲಾವಿದ ಇಲ್ಲಿ ಅರೆಗಳಿಗೆ ಗಂಡುದನಿಗೆ ಜಾರಿ, ಕೆಮ್ಮಿ ಸಾವರಿಸಿಕೊಂಡ. ಭಾಮೆ ಹುಬ್ಬೇರಿಸಿ ನೋಡಿದಳು. ಹಳಬರು ಹೊಟ್ಟೆ ಹಿಡಿದು ನಕ್ಕರು, ಹೊಸಬರು ಏನಾಯಿತೆಂದು ಪಕ್ಕದವರನ್ನು ಕೇಳಿದರು.

ಇಂಥವು ಬರೆದಿಟ್ಟ ಪ್ರತಿಯಲ್ಲಿ ಇರುವುದಿಲ್ಲ. ಅಪರಾಳ ತಮ್ಮಣ್ಣ ಕಟ್ಟಿದ ಆಟವನ್ನು ನಮ್ಮ ನೆರೆಯ ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣ ಬೆಳೆಸಿದ. ಕೌಜಲಗಿ ನಿಂಗಮ್ಮ ತನ್ನ ಕಂಠದಿಂದ ಅದನ್ನು ಮನೆಮಾತು ಮಾಡಿದಳು. ಆಟ ಇವತ್ತಿಗೂ ಆಡುವವರ ಬಾಯಲ್ಲೇ ಬೆಳೆಯುತ್ತದೆ. ಆಟ ನಡೆಸುವ ಭಾಗವತನ ಕೊಂಕು ಪ್ರಶ್ನೆಗೆ ನಿನ್ನೆ ಕೊಟ್ಟ ಉತ್ತರವನ್ನೇ ಇಂದೂ ಕೊಟ್ಟರೆ ಆ ಕಲಾವಿದೆಗೆ ಮರ್ಯಾದೆಯಿಲ್ಲ.

ಪದಗಳು ಬಾಯಿಪಾಠವಾದ ಮೇಲೆ ಕಿವಿಗೆ ಬಿಡುವು ಸಿಗುತ್ತದೆ. ಆಗ ಹಾರ್ಮೋನಿಯಂ, ತಬಲಾ, ತಾಳ ಬೇರೆ ಬೇರೆಯಾಗಿ ಕೇಳತೊಡಗುತ್ತವೆ. ಭಾಮೆ ಸಾಲು ಬಿಡುವ ಮೊದಲೇ ಹಿಮ್ಮೇಳದವರು ಅದನ್ನು ಎತ್ತಿಕೊಳ್ಳುತ್ತಾರೆ, ಆ ಸಂದಿನಲ್ಲಿ ಆಕೆ ಉಸಿರು ತೆಗೆದುಕೊಳ್ಳುತ್ತಾಳೆ. ನಡುವೆ ಯಾರೋ ಮೆಚ್ಚಿ ಆಯೇರಿ ಹಣ ಕೊಟ್ಟು ಹೆಸರು ಕೂಗಿಸಿದರೆ ಪದ ತುಂಡಾಗುತ್ತದೆ. ಒಳ್ಳೆಯ ಹಾರ್ಮೋನಿಯಂನವನು ಸ್ವರ ಮಾತ್ರ ಬಿಡುವುದಿಲ್ಲ.

ನೋಡಿದ್ದನ್ನೇ ಮತ್ತೆ ನೋಡುವ ಈ ಚಟ ಪಾರಿಜಾತದವರದಷ್ಟೇ ಅಲ್ಲ. ಕಾಗವಾಡ ದಾಟಿದರೆ ಮಿರಜ. 1905ರಲ್ಲಿ ಮರಾಠಿ ಗಾಯಕ ನಟ ಬಾಲಗಂಧರ್ವರು ಕಿರ್ಲೋಸ್ಕರ ನಾಟಕ ಮಂಡಳಿಯ ಶಕುಂತಲೆಯಾಗಿ ರಂಗಕ್ಕೆ ಬಂದ ಊರು. ಆ ನಾಟಕ ಬರೆದ ಅಣ್ಣಾಸಾಹೇಬ ಕಿರ್ಲೋಸ್ಕರ ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಬಾಲಗಂಧರ್ವರಿಗೆ ಜನ ‘ವನ್ಸ್ ಮೋರ್’ ಕೂಗುತ್ತಿದ್ದುದು ಕಥೆಗಾಗಿ ಅಲ್ಲವಲ್ಲ!

ಈಗೀಗ ನನ್ನ ಕಣ್ಣು ರುಕ್ಮಿಣಿಯ ಮೇಲೆ. ಹೂ ಸಿಕ್ಕದ್ದು ಅವಳಿಗೆ, ರಾತ್ರಿಯಿಡೀ ಆಟ ನಡೆಯುವುದು ಭಾಮೆಯ ಸುತ್ತ. ರುಕ್ಮಿಣಿಯ ಮೌನಕ್ಕೂ ಒಂದು ಹದವಿದೆ. ಕಡಿಮೆ ಮಾತಿನ ಆ ಪಾತ್ರವನ್ನು ಹೊಸ ಹುಡುಗಿಯರಿಗೆ ವಹಿಸುವುದು ನನಗೆ ಸೇರದು. ಇನ್ನು ಒಂದು ತಾಸಿಗೆ ಮೊಟಕು ಮಾಡಿದ ಉತ್ಸವದ ಪಾರಿಜಾತವಂತೂ ಕಥೆಯನ್ನಷ್ಟೇ ಉಳಿಸಿಕೊಳ್ಳುತ್ತದೆ. ಹೊಸಬರು ಇಡೀ ರಾತ್ರಿಯ ಆಟಕ್ಕೇ ಹೋಗಿ. ಹಿಮ್ಮೇಳದ ಬದಿಗೆ ಕೂಡಿ, ಲೌಡ್‌ಸ್ಪೀಕರಿನ ಬಾಯಿಗೆ ಮಾತ್ರ ಕೂಡಬೇಡಿ.